ಪಯಸ್ವಿನಿಯ ದಂಡೆಯ ಸುಳ್ಯ ಸೀಮೆ

ಮಾಣಿಯಿಂದ ಮೈಸೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಸುಳ್ಯವೆಂದರೆ ಘಟ್ಟ ಹತ್ತುವ ಮೊದಲು ಚಹಾ ಕುಡಿಯಲು ಸಿಕ್ಕುವ ಕೊನೆಯ ದೊಡ್ಡ ಊರು. ಮಡಿಕೇರಿಯಿಂದ ಇಳಿದು ಬರುವವರಿಗೆ ತಿರುವುಗಳ ತಲೆಸುತ್ತನ್ನು ಕಳೆದುಕೊಳ್ಳಲು ಸಿಕ್ಕುವ ಮೊದಲ ಊರು. ಎರಡು ಕಡೆಯವರಿಗೂ ಅದು ನಡುದಾರಿಯ ತಾಣವೇ ಹೊರತು ಹೋಗಿ ಸೇರಬೇಕಾದ ಸ್ಥಳವಲ್ಲ. ಈ ನಡುದಾರಿಯಲ್ಲೇ ಹುಟ್ಟಿ, ಇಲ್ಲಿಯೇ ಅಡಕೆ ತೋಟ ಮಾಡಿಕೊಂಡು, ನಾಲ್ಕು ದಿನ ಮಕ್ಕಳಿಗೆ ಪಾಠವನ್ನೂ ಹೇಳಿ ಮುದುಕನಾದವನು ನಾನು. ಆದುದರಿಂದ ಬಸ್ಸಿನ ಕಿಟಕಿಯಿಂದ ಕಾಣದ ಸುಳ್ಯವನ್ನು ಕುರಿತು ಕೆಲವು ಮಾತುಗಳನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ದಕ್ಷಿಣ ಕನ್ನಡ ಜಿಲ್ಲೆಯ ಆಗ್ನೇಯ ಮೂಲೆಯಲ್ಲಿ, ಮಂಗಳೂರಿಗೆ ಸುಮಾರು 85 ಕಿಲೋಮೀಟರು, ಮಡಿಕೇರಿಗೆ 50 ಚಿಲ್ಲರೆ ಕಿಲೋಮೀಟರು ದೂರದಲ್ಲಿ, ಪಯಸ್ವಿನಿ ನದಿಯ ದಂಡೆಯಲ್ಲಿರುವ ಪಟ್ಟಣ ಪಂಚಾಯತು ಇದು. 2011ರ ಜನಗಣತಿಯಲ್ಲಿ ಇದರ ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು. ಚೆನ್ನಕೇಶವ ದೇವಸ್ಥಾನ, ಅದರ ಮುಂದಣ ರಥಬೀದಿ, ಹೆದ್ದಾರಿಯ ಎರಡು ಬದಿಗೂ ಒತ್ತಿಕೊಂಡಿರುವ ಅಂಗಡಿಸಾಲು, ಹಿಂದೆ ಅಡಕೆ ತೋಟ, ಅದರ ಹಿಂದೆ ಗುಡ್ಡ. ಪೇಟೆಯ ಯಾವ ಬೀದಿಯಲ್ಲಿ ನಿಂತರೂ ತಲೆ ಎತ್ತಿದರೆ ಕಣ್ಣಿಗೆ ಹಸುರೇ ತಾಗುತ್ತದೆ.

ಈ ಸೀಮೆಯ ಭೂಗೋಳವನ್ನು ತಿಳಿಯಬೇಕಾದರೆ ನಕಾಶೆಗಿಂತ ಒಂದು ಪ್ರಯಾಣ ಹೆಚ್ಚು ಸಹಾಯ ಮಾಡುತ್ತದೆ. ಸುಳ್ಯದಿಂದ ಮೂಡಲಿಗೆ ಹೊರಟು ಅರಂಬೂರು ದಾಟಿದೊಡನೆ ಪೆರಾಜೆ ಬರುತ್ತದೆ. ಅದು ಕೊಡಗು ಜಿಲ್ಲೆ. ಘಟ್ಟವೇನೂ ಹತ್ತಿಲ್ಲ, ತೋಟಗಳೇನೂ ಬದಲಾಗಿಲ್ಲ, ಆದರೂ ಕೊಡಗು! ಪೆರಾಜೆ ಮುಗಿಯಿತೆನ್ನುವಾಗ ಅರಂತೋಡು. ಮತ್ತೆ ದಕ್ಷಿಣ ಕನ್ನಡ. ಕಲ್ಲುಗುಂಡಿ ಕಳೆದು ಸಂಪಾಜೆಗೆ ಬಂದರೆ ಅಲ್ಲಿ ಎರಡು ಸಂಪಾಜೆಗಳು, ಒಂದು ನಮ್ಮದು, ಒಂದು ಅವರದು. ಇತ್ತ ಪಡುವಲಿಗೆ ಹೊರಟು ಜಾಲ್ಸೂರಿನಲ್ಲಿ ಎಡಕ್ಕೆ ತಿರುಗಿದರೆ ಸ್ವಲ್ಪವೇ ದೂರದಲ್ಲಿ ಕೇರಳ. ಹೀಗೆ ಒಂದು ಬೆಳಗಿನ ಹೊತ್ತಿನಲ್ಲಿ ಎರಡು ಜಿಲ್ಲೆಗಳನ್ನೂ ಎರಡು ರಾಜ್ಯಗಳನ್ನೂ ಸೈಕಲ್ಲಿನಲ್ಲಿ ಸುತ್ತಿ ಬಂದು ಮಧ್ಯಾಹ್ನದ ಊಟಕ್ಕೆ ಮನೆಗೆ ಸೇರಬಹುದಾದ ಊರು ನಮ್ಮದು. ನನ್ನ ತೋಟ ಇರುವುದು ಈ ಗೆರೆಯ ಅಂಚಿನಲ್ಲೇ. ಅಡಕೆ ಮರಗಳ ಬುಡ ಒಂದು ಜಿಲ್ಲೆಯಲ್ಲಿ, ಅವುಗಳಿಗೆ ನೀರುಣಿಸುವ ತೋಡಿನ ಮೂಲ ಇನ್ನೊಂದು ಜಿಲ್ಲೆಯಲ್ಲಿ. ತೋಟದ ಮೇಲಣ ಸೊಪ್ಪಿನ ಗುಡ್ಡಕ್ಕೆ ಈಚೆಗೆ ನಾವು ಕುಮ್ಕಿ ಎನ್ನುತ್ತೇವೆ. ಗೆರೆಯಾಚೆಗೆ ಅದೇ ಬಗೆಯ ಗುಡ್ಡ ಬಾಣೆ. ಎರಡರಿಂದಲೂ ತರುವುದು ಅದೇ ಸೊಪ್ಪು, ಅದೇ ಸೌದೆ. ಆದರೆ ಹಕ್ಕಿನ ಕಾಗದ ಬೇರೆ, ಕಾನೂನು ಬೇರೆ. ಒಂದು ಸಣ್ಣ ನೀರಿನ ತಕರಾರಿಗಾಗಿ ನನ್ನ ತಂದೆ ಎರಡು ಕಚೇರಿಗಳ ನಡುವೆ ಏಳು ವರ್ಷ ಅಲೆದರು. ಇಲ್ಲಿ ಹೋದರೆ ಅಲ್ಲಿಗೆ ಹೋಗಿ ಎಂದರು, ಅಲ್ಲಿ ಹೋದರೆ ಇಲ್ಲಿಗೆ ಹೋಗಿ ಎಂದರು. ತಕರಾರು ತೀರ್ಮಾನವಾಗುವ ಮೊದಲೇ ತೋಡು ದಿಕ್ಕು ಬದಲಿಸಿತು. ಇರಲಿ.

ಗೆರೆಗಳಿಗಿಂತ ಹಳೆಯದು ನದಿ. ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸಂಪಾಜೆಯ ಕಣಿವೆಯಲ್ಲಿ ಇಳಿದು, ಅರಂತೋಡು, ಪೆರಾಜೆ, ಅರಂಬೂರುಗಳ ಮಗ್ಗುಲಿನಲ್ಲಿ ಹರಿದು ಸುಳ್ಯಕ್ಕೆ ಬರುತ್ತದೆ. ಜಾಲ್ಸೂರಿನಿಂದ ಮುಂದೆ ಕೇರಳವನ್ನು ಹೊಕ್ಕು ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಒಟ್ಟು ಹರಿವು ನೂರು ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೇ. ದೊಡ್ಡ ನದಿಗಳ ಪಟ್ಟಿಯಲ್ಲಿ ಇದರ ಹೆಸರು ಬರುವುದಿಲ್ಲ. ಆದರೆ ಜೂನ್ ತಿಂಗಳಲ್ಲಿ ಬಂದು ನೋಡಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಂದುಬಿಡುತ್ತದೆ. ಆಗ ನದಿ ಕೆಂಪಾಗಿ, ಮರಮಟ್ಟುಗಳನ್ನು ಹೊತ್ತುಕೊಂಡು, ಮಾತು ಕೇಳಿಸದಷ್ಟು ಸದ್ದಿನಿಂದ ಹರಿಯುತ್ತದೆ. ಅದೇ ನದಿ ಏಪ್ರಿಲಿನಲ್ಲಿ ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಗುಂಡಿಯಾಗಿ ನಿಂತಿರುತ್ತದೆ. ನೆಲವೆಲ್ಲ ಮುರಕಲ್ಲು, ಇಳಿಜಾರು ಬಹಳ, ಬಿದ್ದ ನೀರು ನಿಲ್ಲುವುದಿಲ್ಲ. ಇಷ್ಟು ಮಳೆ ಬೀಳುವ ಊರಿನಲ್ಲಿ ಬೇಸಗೆಗೆ ನೀರಿಲ್ಲವೆಂದರೆ ಹೊರಗಿನವರು ನಂಬುವುದು ಕಷ್ಟ.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ‘ಕಟ್ಟ’. ಮಳೆಗಾಲ ಮುಗಿದು ಹರಿವು ಇಳಿಯುತ್ತಲೇ ಹೊಳೆಗೆ, ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು, ಮರದ ತುಂಡುಗಳಿಂದ ತಾತ್ಕಾಲಿಕ ಅಡ್ಡಗಟ್ಟೆಯನ್ನು ಕಟ್ಟುವುದು. ಅದರಿಂದ ಕಾಲುವೆ ತೆಗೆದು ತೋಟಕ್ಕೆ ನೀರು ಹಾಯಿಸುವುದು. ಮುಂದಿನ ಮಳೆಗೆ ಅದು ಕೊಚ್ಚಿಹೋದರೆ ಹೋಗಲಿ ಎನ್ನುವುದು. ಕಟ್ಟದ ಕೆಲಸಕ್ಕೆ ನೀರು ಪಡೆಯುವ ಎಲ್ಲ ಮನೆಗಳಿಂದಲೂ ಆಳು ಬರಬೇಕು. ಯಾರು ಎಷ್ಟು ಹೊತ್ತು ನೀರು ಬಿಟ್ಟುಕೊಳ್ಳಬೇಕೆಂಬ ಲೆಕ್ಕ ಬಾಯಿಮಾತಿನದು. ಕಟ್ಟದ ಪ್ರಯೋಜನ ನೇರವಾಗಿ ಕಾಲುವೆಯಲ್ಲಿ ಹರಿಯುವ ನೀರಿನಿಂದ ಮಾತ್ರವಲ್ಲ. ನಿಂತ ನೀರು ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳ ಮಟ್ಟವನ್ನು ಏರಿಸುತ್ತಿತ್ತು. ಪಂಪುಗಳು ಬಂದ ಮೇಲೆ, ಆ ಬಳಿಕ ಕೊಳವೆ ಬಾವಿಗಳು ಬಂದ ಮೇಲೆ, ಒಬ್ಬನಿಗೆ ಇನ್ನೊಬ್ಬನ ಹಂಗು ಬೇಡವಾಯಿತು. ಕಟ್ಟಗಳು ಒಂದೊಂದಾಗಿ ನಿಂತವು. ಆದರೂ ಪಟ್ಟಣಕ್ಕೆ ಕುಡಿಯುವ ನೀರನ್ನು ಕಲ್ಲುಮುಟ್ಲುವಿನ ಬಳಿ ನದಿಯಿಂದಲೇ ಎತ್ತಬೇಕಾಗಿತ್ತು. ವರ್ಷ ವರ್ಷವೂ ಬೇಸಗೆಯಲ್ಲಿ ಅಲ್ಲಿ ಮರಳಿನ ಚೀಲಗಳನ್ನು ಪೇರಿಸಿ ಕಟ್ಟವನ್ನೇ ಕಟ್ಟುತ್ತಿದ್ದರು. ಈಚಿನ ವರ್ಷಗಳಲ್ಲಿ ನಾಗಪಟ್ಟಣದಲ್ಲಿ ಕಿಂಡಿ ಅಣೆಕಟ್ಟು ಎದ್ದು ನಿಂತಿದೆ. ಹಲಗೆ ಹಾಕಿದ ದಿನಗಳಲ್ಲಿ ನಮ್ಮ ನದಿ ಒಂದು ಸರೋವರದಂತೆ ತೋರುತ್ತದೆ. ಅದನ್ನು ನೋಡಲು ಸಂಜೆ ಜನ ಹೋಗಿ ನಿಲ್ಲುವುದುಂಟು.

ಇನ್ನು ಜನ ಮತ್ತು ಭಾಷೆ. ಸುಳ್ಯದ ಸಂತೆಯಲ್ಲಿ ಒಂದು ಗಳಿಗೆ ಕಿವಿಗೊಟ್ಟರೆ ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಒಬ್ಬನೇ ವ್ಯಾಪಾರಿ ಒಂದೇ ತಕ್ಕಡಿಯ ಮುಂದೆ ನಾಲ್ಕು ಭಾಷೆಗಳಲ್ಲಿ ಚೌಕಾಶಿ ಮಾಡುತ್ತಾನೆ. ಇವುಗಳಲ್ಲಿ ಅರೆಭಾಷೆ ಈ ಸೀಮೆಯ ವಿಶೇಷ. ಇದನ್ನಾಡುವ ಗೌಡರ ಪೂರ್ವಿಕರು ಘಟ್ಟದ ಮೇಲಣ ಐಗೂರು ಸೀಮೆಯಿಂದ ಇಳಿದು ಬಂದವರೆಂಬುದು ಅವರಲ್ಲಿ ನಡೆದುಬಂದ ನಂಬಿಕೆ. ತುಳುನಾಡಿನಲ್ಲಿ ನೆಲೆಸಿ, ಇಲ್ಲಿನ ದೈವಗಳನ್ನೂ ಬಳಿಗಳನ್ನೂ ತಮ್ಮದಾಗಿಸಿಕೊಂಡು, ಮನೆಮಾತನ್ನು ಮಾತ್ರ ಕನ್ನಡದ ಒಂದು ಕವಲಾಗಿ ಉಳಿಸಿಕೊಂಡರು. ‘ಅರೆ’ ಎಂದರೆ ಅರ್ಧವೆಂದು ತಿಳಿದು ಅಸಡ್ಡೆ ಮಾಡುತ್ತಿದ್ದ ಕಾಲವೊಂದಿತ್ತು. 2011ರಲ್ಲಿ ಸರಕಾರ ಇದಕ್ಕಾಗಿ ಒಂದು ಅಕಾಡೆಮಿಯನ್ನೇ ಸ್ಥಾಪಿಸಿತು. ಊರ ಹೆಸರುಗಳಲ್ಲಿಯೂ ಈ ಬೆರಕೆಯ ಚಂದವಿದೆ. ಅಮರಮುಡ್ನೂರು, ಅಮರಪಡ್ನೂರು ಎಂಬ ಎರಡು ಗ್ರಾಮಗಳಿವೆ. ತುಳುವಿನ ಮೂಡು, ಪಡು ಎಂಬ ದಿಕ್ಕುಗಳನ್ನು ಬಲ್ಲವರಿಗೆ ಒಂದು ಮೂಡಣದ್ದು, ಇನ್ನೊಂದು ಪಡುವಣದ್ದು ಎಂದು ಹೇಳಬೇಕಾಗಿಲ್ಲ. ಆ ‘ಅಮರ’ ಎಂಬುದು ಹಳೆಯ ಮಾಗಣೆಯ ಹೆಸರು. ಅಮರ ಸುಳ್ಯವೆಂದು ಇತಿಹಾಸದಲ್ಲಿ ಕೇಳಿಬರುವುದು ಇದೇ ಸೀಮೆ.

ಆ ಇತಿಹಾಸಕ್ಕೆ ಬರೋಣ. ಈ ಮಾಗಣೆಗಳು ಯಾರಿಗೂ ಬಹುಕಾಲ ಉಳಿಯಲಿಲ್ಲ. ಇಕ್ಕೇರಿಯ ನಾಯಕರ ಕೈಯಲ್ಲಿದ್ದ ಅಮರ ಸುಳ್ಯ ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಎರಡನೆಯ ಸೋಮಶೇಖರ ನಾಯಕನ ಕಾಲಕ್ಕೆ ಕೊಡಗಿನ ಹಾಲೇರಿ ಅರಸು ದೊಡ್ಡವೀರಪ್ಪನಿಗೆ ಸೇರಿತು. ಹೈದರ್ ಮತ್ತು ಟಿಪ್ಪುವಿನ ದಿನಗಳಲ್ಲಿ ಮತ್ತೆ ಕೈ ಬದಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯವರು ತಮಗೆ ನೆರವಾದ ದೊಡ್ಡವೀರರಾಜೇಂದ್ರನಿಗೆ ಪ್ರತಿಫಲವಾಗಿ 1804ರಲ್ಲಿ ಪಂಜ, ಬೆಳ್ಳಾರೆಗಳ ಕಡೆಯ ಮಾಗಣೆಗಳನ್ನು ಬಿಟ್ಟುಕೊಟ್ಟರು. ಮೂವತ್ತು ವರ್ಷ ಈ ಘಟ್ಟದ ಕೆಳಗಿನ ನಾಡು ಮಡಿಕೇರಿಯಿಂದ ಆಳಿಸಿಕೊಂಡಿತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪೆನಿ ಕೊಡಗನ್ನು ಸ್ವಾಧೀನ ಮಾಡಿಕೊಂಡಾಗ ಈ ಮಾಗಣೆಗಳನ್ನು ಕೊಡಗಿನಿಂದ ಬಿಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದರು. ಯಾವುದೋ ಕಚೇರಿಯಲ್ಲಿ ಒಂದು ಗೆರೆ ಅಳಿಸಿ ಇನ್ನೊಂದು ಗೆರೆ ಎಳೆದಂತೆ ಇದು ನಡೆದುಹೋಯಿತು.

ಗೆರೆ ಬದಲಾದರೆ ರೈತನಿಗೇನಾಯಿತು ಎಂದು ಕೇಳಬಹುದು. ಹಾಲೇರಿ ಅರಸರ ಕಾಲದಲ್ಲಿ ಇಲ್ಲಿಯ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದರು. ಕಂಪೆನಿ ನಗದು ಹಣ ಕೇಳಿತು. ಹಣ ಹುಟ್ಟಬೇಕಾದರೆ ಬತ್ತವನ್ನೋ ಅಡಕೆಯನ್ನೋ ಮಾರಬೇಕು. ಕೊಯ್ಲಾದೊಡನೆ ಎಲ್ಲರೂ ಮಾರಲು ನಿಂತರೆ ಬೆಲೆ ಇಳಿಯುತ್ತದೆ. ಕಂದಾಯದ ಕಂತು ಬಂದಾಗ ಕೈಯಲ್ಲಿ ಹಣವಿಲ್ಲದವನು ಪೇಟೆಯ ಸಾಹುಕಾರನ ಬಳಿ ಸಾಲಕ್ಕೆ ಹೋಗುತ್ತಾನೆ. ಮುಂದಿನ ಬೆಳೆ ಸಾಹುಕಾರನದಾಗುತ್ತದೆ. ಜೊತೆಗೆ ಉಪ್ಪು ಮತ್ತು ಹೊಗೆಸೊಪ್ಪುಗಳ ವ್ಯಾಪಾರ ಕಂಪೆನಿಯ ಏಕಸ್ವಾಮ್ಯ. ಈ ಮಳೆಯ ನಾಡಿನಲ್ಲಿ ಎಲೆಯಡಕೆಗೆ ಹೊಗೆಸೊಪ್ಪು ಇಲ್ಲದ ಮನೆಯಿಲ್ಲ, ಉಪ್ಪಿಲ್ಲದ ಗಂಜಿಯಿಲ್ಲ. ಕರಾವಳಿಯ ಉಳಿದ ಕಡೆಗಳಲ್ಲಿಯೂ 1830–31ರಲ್ಲಿ ರೈತರು ‘ಕೂಟ’ ಸೇರಿ ಕಂದಾಯವನ್ನು ವಿರೋಧಿಸಿದ್ದರು. ಅಲ್ಲಿ ಮೂವತ್ತು ವರ್ಷಗಳಲ್ಲಿ ಅಭ್ಯಾಸವಾಗಿದ್ದ ಹೊರೆ ಇಲ್ಲಿಯವರ ಮೇಲೆ ಒಮ್ಮೆಗೇ ಬಿತ್ತು. ನಾನು ತಿಳಿದಂತೆ ಮುಂದೆ ನಡೆದುದಕ್ಕೆ ಮೂಲಕಾರಣ ಇದೇ. ಅರಸನ ಮೇಲಣ ಭಕ್ತಿಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಭಕ್ತಿಯೊಂದರಿಂದಲೇ ಸಾವಿರಾರು ರೈತರು ಕೋವಿ ಕತ್ತಿ ಹಿಡಿದು ಮಂಗಳೂರಿನವರೆಗೆ ನಡೆಯುವುದಿಲ್ಲ.

1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ, ಮದುವೆಯ ನೆಪದಿಂದ ಜನ ಸೇರಿದರು. ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ಪುಟ್ಟಬಸಪ್ಪನೆಂಬವನನ್ನು ಮುಂದಿಟ್ಟುಕೊಂಡರು. ನಿಜವಾದ ಅರಸುಕುವರ ಬ್ರಿಟಿಷರ ವಶವಾಗಿದ್ದ. ಆದರೆ ಜನರಿಗೆ ಬೇಕಾಗಿದ್ದುದು ಒಂದು ಹೆಸರು. ಪೂಮಲೆಯಲ್ಲಿ ಅಟ್ಲೂರು ರಾಮಪ್ಪಯ್ಯನೆಂಬ ಅಧಿಕಾರಸ್ಥನ ಕೊಲೆಯಾಯಿತು. ಅಲ್ಲಿಂದ ಬೆಳ್ಳಾರೆಗೆ ನಡೆದು ಸರಕಾರದ ಖಜಾನೆಯನ್ನು ವಶಪಡಿಸಿಕೊಂಡರು. ಮೂರು ವರ್ಷ ಕಂದಾಯ ಮಾಫಿ, ಉಪ್ಪು ಹೊಗೆಸೊಪ್ಪಿನ ಸುಂಕ ರದ್ದು ಎಂದು ಸಾರಿದರು. ಬಂಡಾಯಗಾರರ ಈ ಘೋಷಣೆಯನ್ನು ಗಮನಿಸಿದರೆ ಅವರ ದುಃಖ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಬೆಳ್ಳಾರೆಯಿಂದ ಪುತ್ತೂರು, ಪಾಣೆಮಂಗಳೂರು, ಬಂಟವಾಳ. ದಾರಿಯಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸ ಕೂಡಿಕೊಂಡ. ಏಪ್ರಿಲ್ 5ರಂದು ಮಂಗಳೂರು ಅವರ ಕೈಸೇರಿತು. ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟವನ್ನು ಏರಿಸಿದರು. ಹದಿಮೂರು ದಿನ ಅದು ಹಾರಿತೆಂದು ನಮ್ಮಲ್ಲಿ ಹೇಳುತ್ತಾರೆ. ಕಣ್ಣಾನೂರಿನ ಕಡೆಯಿಂದ ಕಂಪೆನಿಯ ಪಡೆ ಬಂದ ಮೇಲೆ ಎಲ್ಲವೂ ಮುಗಿಯಿತು. ಪುಟ್ಟಬಸಪ್ಪನನ್ನೂ ಬಂಗರಸನನ್ನೂ ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ. ಹಲವರನ್ನು ಕಡಲಾಚೆಗೆ ಗಡೀಪಾರು ಮಾಡಿದರು. ಘಟ್ಟದ ಮೇಲೆ ಕಂಪೆನಿಗೆ ನಿಷ್ಠರಾಗಿ ನಿಂತವರಿಗೆ ಪದಕಗಳು ದೊರೆತವು. ಗೆರೆಯ ಒಂದು ಬದಿಗೆ ಪದಕ, ಇನ್ನೊಂದು ಬದಿಗೆ ಹಗ್ಗ.

ನನ್ನ ಬಾಲ್ಯದಲ್ಲಿ ಈ ಸಂಗತಿ ನನಗೆ ತಿಳಿದದ್ದು ಬೇರೆಯೇ ಹೆಸರಿನಿಂದ. ರಾತ್ರಿ ಹೊತ್ತು ನಿದ್ದೆ ಮಾಡದ ಮಕ್ಕಳಿಗೆ ಅಜ್ಜಿ ‘ಕಲ್ಯಾಣಪ್ಪನ ಕಾಟಕಾಯಿ’ಯ ಕಥೆ ಹೇಳಿ ಹೆದರಿಸುತ್ತಿದ್ದರು. ಕಾಟಕಾಯಿಯೆಂದರೆ ಲೂಟಿ, ಪುಂಡಾಟ. ಸ್ವಂತ ಊರಿನವರೇ ಕಟ್ಟಿದ ಬಂಡಾಯವನ್ನು ಊರಿನ ಮಕ್ಕಳು ದರೋಡೆಯೆಂದು ಕಲಿತದ್ದು ಹೇಗೆ? ಸೋತವರ ಮನೆಗಳಲ್ಲಿ ಭಯದಿಂದ ಮಾತು ಅಡಗಿತು. ಗೆದ್ದವರ ಕಾಗದಗಳಲ್ಲಿ ಬರೆದ ಹೆಸರೇ ಉಳಿಯಿತು. ಖಜಾನೆಯ ಜೊತೆಗೆ ಕೆಲವು ಮನೆ ಅಂಗಡಿಗಳೂ ಲೂಟಿಯಾಗಿದ್ದರೆ ಆಶ್ಚರ್ಯವಿಲ್ಲ. ಅಂಥ ಮನೆಗಳವರ ನೆನಪನ್ನೂ ಸುಳ್ಳೆಂದು ತಳ್ಳಿಹಾಕಲಾರೆ. ಆದರೂ ಆ ಒಂದು ಶಬ್ದದಲ್ಲಿ ಕಂದಾಯದ ಮಾತೇ ಮುಚ್ಚಿಹೋಗಿತ್ತು. ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯನ್ನು ಬರೆದಾಗ ನಮ್ಮಲ್ಲಿ ಹಲವರು ಮೊದಲ ಸಲ ಈ ಕಥೆಯನ್ನು ತಿರುಗಿಸಿ ನೋಡಿದೆವು. ಆಮೇಲೆ ಇತಿಹಾಸಕಾರರು, ಅದರಲ್ಲೂ ಎನ್. ಶ್ಯಾಮ ಭಟ್ಟರು, ಕಂಪೆನಿಯ ದಾಖಲೆಗಳನ್ನೇ ಶೋಧಿಸಿ ಇದರ ಆರ್ಥಿಕ ಕಾರಣಗಳನ್ನು ಎತ್ತಿ ತೋರಿಸಿದರು. 2022ರಲ್ಲಿ ಅದೇ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಎದ್ದು ನಿಂತಿತು. ಇಂದು ಕೆಲವರಿಗೆ ಅದು ರೈತ ಬಂಡಾಯ, ಕೆಲವರಿಗೆ ಸ್ವಾತಂತ್ರ್ಯ ಸಮರ, ಕೆಲವರಿಗೆ ತಮ್ಮ ಜನಾಂಗದ ಹೆಮ್ಮೆ. ಪ್ರತಿಮೆಯ ಮುಂದೆ ನಿಂತಾಗ ನನಗೆ ನೆನಪಾದದ್ದು ಮಾತ್ರ ಅಜ್ಜಿಯ ದನಿ.

ಬಂಡಾಯದ ನಂತರವೂ ಗೆರೆಗಳು ಸುಮ್ಮನಿರಲಿಲ್ಲ. ಸುಳ್ಯ ಬಹುಕಾಲ ಮದರಾಸು ಪ್ರಾಂತದ ಉಪ್ಪಿನಂಗಡಿ ತಾಲೂಕಿನ ದೂರದ ಒಂದು ಅಂಚಾಗಿ, ಬಳಿಕ ಪುತ್ತೂರು ತಾಲೂಕಿನ ಭಾಗವಾಗಿ ಇತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಾವು ಮೈಸೂರಿಗೆ ಬಂದೆವು. ಅದೇ ನದಿಯ ಕೆಳಪಾತ್ರ ಕಾಸರಗೋಡಿನೊಂದಿಗೆ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲೇ ಉಳಿಯಿತು. ಆ ಕಡೆಯಲ್ಲಿ ನಮಗೆ ಹೆಣ್ಣು ಕೊಟ್ಟು ತಂದ ಮನೆಗಳಿವೆ, ಜಾತ್ರೆಗಳಿವೆ, ಯಕ್ಷಗಾನದ ಸಂಗಾತಿಗಳಿದ್ದಾರೆ. 2020ರಲ್ಲಿ ಕೊರೋನಾ ಬಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗಲೇ ನಮ್ಮ ಮಕ್ಕಳಿಗೆ ಅಲ್ಲೊಂದು ಗಡಿಯಿದೆಯೆಂದು ನಿಜವಾಗಿ ತಿಳಿದದ್ದು. ಇನ್ನು ತಾಲೂಕಿನ ವಿಷಯ. 1960ರ ದಶಕದ ನಡುವಿನಲ್ಲಿ ಸುಳ್ಯ ಪ್ರತ್ಯೇಕ ತಾಲೂಕಾಯಿತು. 2017ರಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲಿ ಕಡಬವೂ ಒಂದಾಗಿ, ಪುತ್ತೂರಿನ ಮತ್ತು ಸುಳ್ಯದ ಗ್ರಾಮಗಳು ಅದಕ್ಕೆ ಹೋದವು; ಕುಕ್ಕೆ ಸುಬ್ರಹ್ಮಣ್ಯವೂ ಹೋಯಿತು. ಸುಬ್ರಹ್ಮಣ್ಯ ಯಾವ ತಾಲೂಕಿನಲ್ಲಿದ್ದರೂ ದೇವರಿಗೆ ಭೇದವಿಲ್ಲ. ಆದರೆ ಪಹಣಿ ಪತ್ರಕ್ಕೆ ಯಾವ ಬಸ್ಸು ಹತ್ತಬೇಕೆಂದು ರೈತ ಮತ್ತೊಮ್ಮೆ ಕಲಿಯಬೇಕಾಯಿತು.

ಕಚೇರಿಯ ಗೆರೆಗಳಿಗಿಂತ ದಿನನಿತ್ಯದ ಬದುಕನ್ನು ಹೆಚ್ಚು ತುಂಡರಿಸುತ್ತಿದ್ದುದು ಮಳೆಗಾಲದ ಹೊಳೆ. ಸಣ್ಣ ತೋಡುಗಳಿಗೆ ಅಡಕೆ ಮರದ ಸಂಕ ಹಾಕಿಕೊಳ್ಳುತ್ತಿದ್ದೆವು. ಪಯಸ್ವಿನಿಗೆ ಸಂಕ ಹಾಕಲಾಗುತ್ತದೆಯೆ? ದೋಣಿಯೊಂದೇ ಗತಿ. ನೆರೆ ಬಂದರೆ ಅದೂ ಇಲ್ಲ. ನನ್ನ ತರಗತಿಯಲ್ಲಿ ಹೊಳೆಯಾಚೆಯ ಮಕ್ಕಳ ಹಾಜರಿ ಜುಲೈ ತಿಂಗಳಲ್ಲಿ ಖಾಲಿಯಾಗಿರುತ್ತಿತ್ತು. ಹೆರಿಗೆಯ ನೋವು ಬಂದ ಒಬ್ಬ ಹೆಂಗಸನ್ನು ಆಚೆ ದಡದಲ್ಲಿ ಮಂಚದ ಮೇಲೆ ಮಲಗಿಸಿ, ನೀರು ಇಳಿಯಲೆಂದು ರಾತ್ರಿಯಿಡೀ ಕಾದದ್ದನ್ನು ನಾನು ಈಚೆ ದಡದಿಂದ ಲಾಟೀನು ಹಿಡಿದುಕೊಂಡು ನೋಡಿದ್ದೇನೆ. ನೀರು ಇಳಿಯಿತು, ಮಗು ಉಳಿಯಲಿಲ್ಲ. 1989ರಲ್ಲಿ ಅರಂಬೂರಿನಲ್ಲಿ ಸುಳ್ಯದವರೇ ಆದ ಇಂಜಿನಿಯರ್ ಗಿರೀಶ ಭಾರದ್ವಾಜರು ಊರವರ ದುಡಿಮೆಯನ್ನೂ ಹಣವನ್ನೂ ಕೂಡಿಸಿಕೊಂಡು ಉಕ್ಕಿನ ಹಗ್ಗಗಳ ಮೇಲೆ ತೂಗುಸೇತುವೆಯೊಂದನ್ನು ಕಟ್ಟಿದರು. ಅವರು ಸೇತುವೆ ಕಟ್ಟಲು ಓದಿದವರಲ್ಲ, ಮೆಕ್ಯಾನಿಕಲ್ ಇಂಜಿನಿಯರು. ನದಿಯ ನಡುವೆ ಕಂಬವಿಲ್ಲದ್ದರಿಂದ ನೆರೆಯಲ್ಲಿ ತೇಲಿಬರುವ ಮರಗಳಿಗೆ ಬಡಿಯಲು ಅಲ್ಲಿ ಏನೂ ಇರುವುದಿಲ್ಲ. ವಾಹನ ಹೋಗುವ ಸೇತುವೆಗೆ ತಗಲುವ ವೆಚ್ಚದ ಸಣ್ಣ ಅಂಶದಲ್ಲಿ ಕೆಲಸ ಮುಗಿಯುತ್ತದೆ. ಆಮೇಲೆ ಅವರು ದೇಶದ ನಾನಾ ಕಡೆಗಳಲ್ಲಿ ನೂರಕ್ಕೂ ಹೆಚ್ಚು ಇಂಥ ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಅರಂಬೂರಿನ ಸೇತುವೆಯ ಮೇಲೆ ಮೊದಲ ಸಲ ನಡೆದಾಗ ಕಾಲ ಕೆಳಗೆ ಅದು ತೂಗಿದ ಭಯ ನನಗಿನ್ನೂ ನೆನಪಿದೆ.

ಪಟ್ಟಣದ ಬೆಳವಣಿಗೆಯನ್ನು ಕುರಿತು ಹೆಚ್ಚು ಹೇಳುವುದಿಲ್ಲ. ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ಕಾಲೇಜು ತೆರೆದರು. 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು, ಮುಂದೆ ವೈದ್ಯಕೀಯ ಕಾಲೇಜೂ ಬಂತು. ಮೊದಲು ಎಸ್.ಎಸ್.ಎಲ್.ಸಿ. ಮುಗಿಸಿದವರು ಪುತ್ತೂರಿಗೋ ಮಂಗಳೂರಿಗೋ ಹೋಗಬೇಕಾಗಿದ್ದ ಊರಿಗೆ ಈಗ ಹೊರರಾಜ್ಯದ ಹುಡುಗರು ಓದಲು ಬರುತ್ತಾರೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಫಲವಾಗಿ ಸಿಂಹಳದ ಚಹಾ ತೋಟಗಳನ್ನು ತೊರೆದು ಬಂದ ತಮಿಳರನ್ನು ಇಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ನೆಲೆಗೊಳಿಸಿದರು. ಯಾವುದೋ ಎರಡು ದೇಶಗಳ ನಡುವಣ ಗೆರೆ ಅವರನ್ನು ನಮ್ಮ ಗುಡ್ಡಗಳಿಗೆ ತಂದಿತು. ಅವರ ಮೊಮ್ಮಕ್ಕಳು ಈಗ ನಮಗಿಂತ ಚೆನ್ನಾಗಿ ತುಳು ಮಾತಾಡುತ್ತಾರೆ.

ಕೊನೆಯದಾಗಿ ಅಡಕೆಯ ಮಾತು, ಏಕೆಂದರೆ ಈ ಸೀಮೆಯ ಅನ್ನ ಅದು. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಹುಟ್ಟಿದ ಕ್ಯಾಂಪ್ಕೊ ಸಂಸ್ಥೆ ಕರ್ನಾಟಕ, ಕೇರಳ ಎರಡು ರಾಜ್ಯಗಳ ಬೆಳೆಗಾರರದು. ಗಡಿಯನ್ನು ಲೆಕ್ಕಿಸದೆ ಕಟ್ಟಿದ ಸಂಸ್ಥೆಯೊಂದಿದ್ದರೆ ಅದು ಎಂದು ನಾನು ಅಭಿಮಾನದಿಂದ ಹೇಳುತ್ತೇನೆ. ಮಧ್ಯವರ್ತಿಯ ಹಿಡಿತ ಸಡಿಲಿಸಲು ಅದು ನೆರವಾಯಿತು. ಆದರೆ ಸಂಪಾಜೆ, ಅರಂತೋಡು, ತೊಡಿಕಾನಗಳ ಕಡೆ ತೋಟಗಳನ್ನು ಕಾಡುತ್ತಿರುವ ಹಳದಿ ರೋಗಕ್ಕೆ ಮಾರುಕಟ್ಟೆಯ ಮದ್ದು ನಾಟುವುದಿಲ್ಲ. ಸೋಗೆ ಹಳದಿಯಾಗುತ್ತದೆ, ಕಾಯಿಯ ಒಳಗಿನ ತಿರುಳು ಕಪ್ಪಾಗುತ್ತದೆ, ಮರ ಸಾಯುವುದಿಲ್ಲ, ಫಲವನ್ನೂ ಕೊಡುವುದಿಲ್ಲ. ಕೊಳೆರೋಗಕ್ಕಾದರೆ ಬೋರ್ಡೋ ದ್ರಾವಣವಿದೆ. ಇದಕ್ಕೆ ಇಂದಿಗೂ ಖಚಿತವಾದ ಔಷಧವಿಲ್ಲ. ರೋಗ ತಡೆಯುವ ತಳಿಗಾಗಿ ವಿಜ್ಞಾನಿಗಳು ಹುಡುಕುತ್ತಿದ್ದಾರೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳಲ್ಲಿ ಬೆಟ್ಟ ಜರಿದು ಮೈಸೂರು ರಸ್ತೆ ಕಡಿದುಹೋದಾಗ ಅಲ್ಲಿಂದ ಓಡಿಬಂದವರಿಗೆ ಸಂಪಾಜೆ, ಕಲ್ಲುಗುಂಡಿಗಳ ಶಾಲೆಗಳಲ್ಲಿ ಅನ್ನ ಬಡಿಸಿದವರಲ್ಲಿ ಇಂಥ ಹಳದಿ ತೋಟಗಳ ಒಡೆಯರೂ ಇದ್ದರು. ಆಗ ಯಾರೂ ಅವರ ಜಿಲ್ಲೆ ಯಾವುದೆಂದು ಕೇಳಲಿಲ್ಲ.

ನನ್ನ ತೋಟಕ್ಕೂ ಮೂರು ವರ್ಷದ ಹಿಂದೆ ಹಳದಿ ಬಂತು. ಮೇಲಿನ ಸಾಲುಗಳನ್ನು ಕಡಿಸಿ ಜಾಯಿಕಾಯಿ, ಕಾಳುಮೆಣಸು ಹಾಕಿಸಿದ್ದೇನೆ. ಕೆಳಗಿನ ಸಾಲುಗಳನ್ನು ಕಡಿಯಲು ಮನಸ್ಸು ಬರಲಿಲ್ಲ, ಅವು ನನ್ನ ತಂದೆ ನೆಟ್ಟವು. ಆ ಸಾಲಿನ ಬುಡದಲ್ಲಿ ತೋಡು ಹರಿಯುತ್ತದೆ. ತೋಡು ಹೊಳೆಗೆ, ಹೊಳೆ ಸುಳ್ಯ ಪೇಟೆಯ ಬದಿಯಿಂದ ಜಾಲ್ಸೂರಿಗೆ. ಅಲ್ಲಿಂದ ಮುಂದಿನ ಕಥೆಯನ್ನು ಕಾಸರಗೋಡಿನವರು ಹೇಳಬೇಕು.